ಗಾಳಿಗೊಂದು ಅಂಕಿ

ಆವೆರೊಗಿಂತ ಒಂದು ನಿಲ್ದಾಣ ಮೊದಲು

ರೈಲು ನಿಂತಿತು, ಊರು ಕಾಣಿಸಲಿಲ್ಲ. ಕಿಟಕಿಯಾಚೆ ಬರೀ ಮಂಜು. ಫಲಕದ ಅಕ್ಷರಗಳನ್ನು ಕೂಡಿಸಿ ಓದುವಷ್ಟು ಹೊತ್ತಿರಲಿಲ್ಲ. ಬಾಗಿಲು ಎಲ್ಲಿ ಮುಚ್ಚಿಬಿಡುತ್ತದೋ ಎಂದು ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಚಟ್ನಿಪುಡಿಯ ಡಬ್ಬಿ ಹಿಡಿದು ಇಳಿದುಬಿಟ್ಟೆ. ರೈಲು ಹೋದ ಮೇಲೆ ತಿಳಿಯಿತು, ನಾನು ಇಳಿಯಬೇಕಿದ್ದ ಪೋರ್ಚುಗಲ್ಲಿನ ಆವೆರೊ ಇನ್ನೂ ಒಂದು ನಿಲ್ದಾಣ ಮುಂದಿತ್ತು.

ಮುಂದಿನ ರೈಲಿಗೆ ಮುಕ್ಕಾಲು ಗಂಟೆ. ಪ್ಲಾಟ್‌ಫಾರಂ ಮೇಲೆ ನಾನೊಬ್ಬಳೇ. ಗೋಡೆಗೆ ನೀಲಿ ಚಿತ್ರಗಳ ಟೈಲ್ಸ್. ದೋಣಿ, ಉಪ್ಪಿನ ರಾಶಿ, ಬುಟ್ಟಿ ಹೊತ್ತ ಹೆಂಗಸರು. ಮಂಜು ತುಸು ತೆಳುವಾದಾಗ ಹಳಿಗಳ ಆಚೆ ನೀರು ಕಾಣುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ನಿದ್ದೆಯಿಂದ ಪೂರ್ತಿ ಎಚ್ಚರಾಗದೆ ಕೌದಿಯೊಳಗೆ ಕೂತಿರುತ್ತೇವಲ್ಲ, ಹಾಗಿತ್ತು.

ನಾನು ಸುಜಾತಾ. ಹುಟ್ಟಿದ್ದು ಜಗಳೂರಿನಲ್ಲಿ, ಸೊಸೆಯಾಗಿ ಬಂದದ್ದು ಹೊನ್ನಾಳಿಗೆ. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುವಾಗ ಕಲಿತ ಒಂದು ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಚನ್ನಗಿರಿಯ ಅಡಿಕೆ ಮಂಡಿಗಳಿಗೆ ಪ್ರೋಗ್ರಾಂ ಬರೆದುಕೊಟ್ಟು, ಹದಿನೇಳು ವರ್ಷ ಅದನ್ನು ನೋಡಿಕೊಂಡೆ. ಯಾವ ಚೀಲ ಯಾವ ದರ್ಜೆಯದು, ಎಷ್ಟು ಒಣಗಿದೆ, ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಆಮೇಲೆ ಮಂಡಿಯವರು ಮೊಬೈಲಿನ ಆ್ಯಪ್‌ಗೆ ಬದಲಾಯಿಸಿಕೊಂಡರು. ನನಗೆ ನಲವತ್ತಮೂರು. ಒಂದೂವರೆ ವರ್ಷ ಅರ್ಜಿ ಹಾಕಿದೆ. ವಿಡಿಯೊ ಸಂದರ್ಶನವೊಂದರಲ್ಲಿ ಒಬ್ಬ ತರುಣ ನನ್ನ ಭಾಷೆಯ ಹೆಸರು ಕೇಳಿ, "ಅದು ಇನ್ನೂ ಇದೆಯಾ ಮೇಡಂ?" ಎಂದು ನಿಜವಾದ ಆಶ್ಚರ್ಯದಿಂದಲೇ ಕೇಳಿದ.

ಅದು ಇನ್ನೂ ಇರುವುದು ಗೊತ್ತಿದ್ದವರು ಇಂಟರ್‌ನೆಟ್ಟಿನ ಒಂದು ಮೂಲೆಯಲ್ಲಿ ಸೇರಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಅಲ್ಲಿ ಪೋರ್ಚುಗಲ್ಲಿನ ರುಯ್ ಎಂಬಾತನ ಎರಡು ಪ್ರಶ್ನೆಗೆ ಉತ್ತರ ಬರೆದಿದ್ದೆ. ತಿಂಗಳುಗಳ ನಂತರ ಅವನ ಪತ್ರ ಬಂತು. ತಮ್ಮದು ಒಣ ಸರಕಿನ ಗೋದಾಮು, ಅಲ್ಲಿಯ ಹಳೆಯ ಪ್ರೋಗ್ರಾಂ ಒಂದು ವರ್ಷದಿಂದ ದರ್ಜೆ ತಪ್ಪು ತೋರಿಸುತ್ತಿದೆ, ಮೂರು ವಾರ ಬಂದು ತಪ್ಪು ಹುಡುಕಿದರೆ ಮುಂದಿನ ಹಂಗಾಮಿಗೆ ಕಾಂಟ್ರಾಕ್ಟ್ ಕೊಡುತ್ತೇವೆ ಎಂದು ಬರೆದಿದ್ದ.

ನಮ್ಮ ಮನೆಯವರು ಹೊನ್ನಾಳಿಯಲ್ಲಿ ಕಾಲೇಜು ಮೇಷ್ಟರು. ಪತ್ರವನ್ನು ಎರಡು ಸಲ ಓದಿದರು.

"ಭಾಷೆ ಬರಲ್ಲ, ಊಟ ಹೆಂಗೈತೋ ಗೊತ್ತಿಲ್ಲ. ಹೋಗಾಕೇ ಬೇಕಾ?"

"ಹೋಗ್ಬೇಕು ಅನಿಸ್ತೈತೆ ರೀ."

ಮರುದಿನ ಕಾಲೇಜಿನಿಂದ ಬರುವಾಗ ಅವರೇ ಸೂಟ್‌ಕೇಸು ಹಿಡಿದುಕೊಂಡು ಬಂದರು. ಅದನ್ನು ನನ್ನ ಮುಂದೆ ಕೆಳಗಿಟ್ಟು ಕಾಲು ತೊಳೆಯಲು ಹೋದರು.

ದೋನಾ ಅಮೆಲಿಯಾ ಮನೆ

ಒಣ ಸರಕು ಎಂದರೆ ನಾನು ದ್ರಾಕ್ಷಿ, ಅಂಜೂರ ಎಂದುಕೊಂಡಿದ್ದೆ. ಆವೆರೊದಲ್ಲಿ ರುಯ್ ಕಾರು ತಂದಿದ್ದ. ಮೂವತ್ತರ ಆಸುಪಾಸಿನ, ಮೆದುಮಾತಿನ ಮನುಷ್ಯ. ಹಿನ್ನೀರಿನ ಪಕ್ಕದ ರಸ್ತೆಯಲ್ಲಿ ಕಾಲು ಗಂಟೆ ಹೋದ ಮೇಲೆ ಗಾಳಿಯಲ್ಲಿ ಒಂದು ವಾಸನೆ ಬಂತು. ಮೂಗು ಮುಚ್ಚುವಂತಿರಲಿಲ್ಲ, ಮುಚ್ಚದೆ ಇರುವಂತೆಯೂ ಇರಲಿಲ್ಲ.

"ನಿಮ್ಮ ಗೋದಾಮಿನಲ್ಲಿ ಒಣಗಿಸುವುದು ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಮೀನು. ನಾನು ಬರೆದಿರಲಿಲ್ಲವೇ?" ಎಂದ.

ಲಿಂಗಾಯತರ ಮನೆಯ ನಾನು ಮೀನು ತಿನ್ನುವುದಿರಲಿ, ಮುಟ್ಟಿದವಳೂ ಅಲ್ಲ. ಕಾರಿನ ಗಾಜು ಏರಿಸಿದೆ, ಮತ್ತೆ ಇಳಿಸಿದೆ.

ಗೋದಾಮಿನ ಒಡತಿ ರುಯ್‌ನ ತಾಯಿ, ದೋನಾ ಅಮೆಲಿಯಾ. ದೋನಾ ಎಂದರೆ ನಮ್ಮಲ್ಲಿ ಹೆಸರಿನ ಜೊತೆ ಅಮ್ಮ ಸೇರಿಸಿದಂತೆ. ಎಪ್ಪತ್ತರ ಹೆಂಗಸು, ಸದಾ ಕಪ್ಪು ಸ್ವೆಟರು. ಅವರ ಮನೆಯ ಮಹಡಿಯ ಕೋಣೆಯೇ ನನ್ನ ಬಿಡಾರ. ನನ್ನ ಹೆಸರು ಕೇಳಿದ ಕೂಡಲೇ ಆಕೆಯ ಮುಖದಲ್ಲಿ ಸಂಕಟ ಕಂಡಿತು. ರುಯ್ ಕಿವಿ ಕೆಂಪಾಗಿಸಿಕೊಂಡು ಬಿಡಿಸಿ ಹೇಳಿದ. ಅವರ ಭಾಷೆಯಲ್ಲಿ 'ಸುಜಾ' ಎಂದರೆ ಗಲೀಜಾದವಳು. ಮನೆಗೆ ಬಂದ ಅತಿಥಿಯನ್ನು ಹಾಗೆ ಕೂಗುವುದು ಹೇಗೆ? ಆಕೆ ಸ್ವಲ್ಪ ಯೋಚಿಸಿ ಹೆಸರಿನ ಕೊನೆಯ ತುಂಡನ್ನಷ್ಟೇ ಉಳಿಸಿಕೊಂಡರು. ಅಂದಿನಿಂದ ನಾನು 'ದೋನಾ ತಾ'. ಅಲ್ಲಿ 'ತಾ' ಅಂದರೆ 'ಆಯ್ತು, ಸರಿ' ಎಂದು ಅರ್ಥವಂತೆ. ಊರು ತುಂಬ ಜನ ಫೋನಿನಲ್ಲಿ ತಾ, ತಾ ಎನ್ನುತ್ತಿದ್ದರು. ಮೊದಲ ಎರಡು ದಿನ ಪ್ರತಿ ಸಲವೂ ತಿರುಗಿ ನೋಡಿದೆ.

ಊಟಕ್ಕೆ ಕೂತಾಗ ನನ್ನ ಫೋನಿನ ಅನುವಾದದ ಆ್ಯಪ್ ತೆರೆದು, ಕನ್ನಡದಲ್ಲೇ, "ನನಗೆ ಮೀನು ಆಗಲ್ಲ" ಎಂದೆ. ಫೋನು ಪೋರ್ಚುಗೀಸಿನಲ್ಲಿ ಏನೋ ಹೇಳಿತು. ದೋನಾ ಅಮೆಲಿಯಾ ಚಮಚ ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ಕರುಣೆಯಿಂದ ನೋಡಿದರು. 'ನಾನು ಮೀನಾಗುವುದಿಲ್ಲ' ಎಂದು ಹೇಳಿತ್ತಂತೆ, ರುಯ್ ಬಿಡಿಸಿ ಹೇಳಿದ. ಆಕೆ ನನ್ನ ಕೈ ತಟ್ಟಿ, ಯಾರೂ ಬಲವಂತ ಮಾಡುವುದಿಲ್ಲ ಎಂದರು.

ಸೊಪ್ಪಿನ ಸಾರು ಬಂತು, ಜೊತೆಗೆ ಮೆಕ್ಕೆಜೋಳದ ಗಟ್ಟಿ ಬ್ರೆಡ್ಡು. ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡೆ. ಆಕೆಯೂ ಬೆರಳಿಗೆ ಅಂಟಿಸಿಕೊಂಡು ನೋಡಿದರು, ಕಣ್ಣಲ್ಲಿ ನೀರು ತಂದುಕೊಂಡರು, ಮತ್ತೆ ಬೆರಳು ಅದ್ದಿದರು.

ಮೊದಲ ಸೋಮವಾರ

ಗೋದಾಮು ಹಿನ್ನೀರಿನ ದಡದಲ್ಲಿತ್ತು. ಉಪ್ಪು ಹಾಕಿ ಬಂದ ಮೀನನ್ನು ತೊಳೆದು, ಹಿಂಭಾಗದ ಅಂಗಳದಲ್ಲಿ ಬಲೆಯ ಮಂಚಗಳ ಮೇಲೆ ಹರವುತ್ತಿದ್ದರು. ಒಂದೊಂದೂ ಮೊರದಷ್ಟು ಅಗಲ, ಎರಡು ಸೀಳಾಗಿ ಬಿಚ್ಚಿಕೊಂಡಿರುತ್ತಿತ್ತು. ಮಂಜಿನಲ್ಲಿ ದೂರದಿಂದ ನೋಡಿದರೆ ಯಾರೋ ನೂರಾರು ಬಿಳಿ ವಲ್ಲಿ ಒಣಹಾಕಿ ಹೋದ ಹಾಗೆ. ಒಣಗಿದ ಮೇಲೆ ತೂಕ ನೋಡಿ ಐದು ದರ್ಜೆ ಮಾಡುತ್ತಾರೆ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆ ಬೇರ್ಪಡಿಸುವುದನ್ನು ಕಂಡಿದ್ದ ನನಗೆ ಆ ಕೆಲಸ ಬಹಳ ಹೊಸದೆನಿಸಲಿಲ್ಲ.

ಪ್ರೋಗ್ರಾಂ ಬರೆದವರು ಸೆನ್ಯೋರ್ ಒರಾಸಿಯು. ಮೂವತ್ತು ವರ್ಷದಿಂದ ಅಲ್ಲಿದ್ದವರು. ಎತ್ತರದ ಆಳು, ದಪ್ಪ ಬಿಳಿ ಹುಬ್ಬು, ಇಂಗ್ಲಿಷ್ ಒಂದಕ್ಷರ ಬರದು. ನಿವೃತ್ತಿಯ ವಯಸ್ಸು ದಾಟಿತ್ತು. ನನ್ನ ಕೈ ಕುಲುಕಿದರು, ಕುರ್ಚಿ ಬಿಡಲಿಲ್ಲ. ನಾನು ಅವರ ಹಿಂದೆ ನಿಂತು ನೋಡಿದೆ.

ಕಪ್ಪು ತೆರೆ, ಹಸಿರು ಅಕ್ಷರ. ಹದಿನೇಳು ವರ್ಷ ನನ್ನ ಕಣ್ಣೆದುರು ಇದ್ದ ಅದೇ ಹಸಿರು. ಸಾವಿರಾರು ಮೈಲಿ ದೂರದಲ್ಲಿ ತವರಿನ ಅಂಗಳ ಕಂಡಂತಾಯಿತು. ಹಸಿ ಮೀನಿನ ತೂಕಗಳನ್ನೆಲ್ಲ ತುಂಬಿಸಿಕೊಂಡ ಮೇಲೆ ಆ ತೆರೆ ಒಂದು ಪ್ರಶ್ನೆ ಕೇಳಿತು: VENTO? ಒರಾಸಿಯು ಎದ್ದು ಅಂಗಳಕ್ಕೆ ಹೋದರು. ಅಲ್ಲಲ್ಲಿ ನಿಂತು ಹೆಬ್ಬೆರಳಿನಿಂದ ಮೀನಿನ ದಪ್ಪ ಭಾಗವನ್ನು ಒತ್ತಿದರು. ಬಂದು 4 ಎಂದು ಒತ್ತಿದರು. ಪ್ರೋಗ್ರಾಂ ಮುಂದೆ ಹೋಯಿತು.

"ವೆಂತು ಎಂದರೆ ಗಾಳಿ. ಒಂದರಿಂದ ಒಂಬತ್ತರವರೆಗೆ ಏನಾದರೊಂದು ಅಂಕಿ. ಅದು ಏನೆಂದು ಅವರಿಗೊಬ್ಬರಿಗೇ ಗೊತ್ತು," ಎಂದ ರುಯ್.

ನಾನು ನಕ್ಕುಬಿಟ್ಟೆ. ಒರಾಸಿಯು ಹುಬ್ಬು ಗಂಟಿಕ್ಕಿ ತಿರುಗಿದರು. ಅವಸರದಲ್ಲಿ ರುಯ್‌ಗೆ ನಕ್ಕದ್ದರ ಕಾರಣ ಹೇಳಿ, ಅವರಿಗೆ ತಿಳಿಸು ಎಂದೆ. ಚನ್ನಗಿರಿಯ ಮಂಡಿಯಲ್ಲಿ ಹಾಲಮ್ಮ ಎಂಬ ಹಿರಿಯ ಹೆಂಗಸು ಅಡಿಕೆಯನ್ನು ಹಲ್ಲಿಗೆ ಕಚ್ಚಿ ನೋಡಿ, "ಇನ್ನೆರಡು ಬಿಸಿಲು ಬೇಕು" ಎನ್ನುತ್ತಿದ್ದಳು. ಅವಳ ಮಾತಿಲ್ಲದೆ ಲೆಕ್ಕ ಕೂಡುತ್ತಿರಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿಯೂ BISILU ಎಂಬ ಒಂದು ಕಾಲಂ ಇತ್ತು.

ರುಯ್ ಹೇಳುತ್ತ ಹೋದಂತೆ ಹುಬ್ಬಿನ ಗಂಟು ಸಡಿಲಾಯಿತು. ಒರಾಸಿಯು "ಪೊಯ್ಶ್" ಎಂದರು. ಅದು ನಮ್ಮ 'ಹೂಂ' ಇದ್ದ ಹಾಗೆ. ಎದ್ದು ಕುರ್ಚಿಯನ್ನು ನನ್ನತ್ತ ತಳ್ಳಿದರು.

ಬುಧವಾರ, ಮಧ್ಯಾಹ್ನದ ಫೋನು

ಎರಡು ದಿನ ಪ್ರೋಗ್ರಾಂ ಓದಿದೆ. ಸಾಲುಗಳು ಅಚ್ಚುಕಟ್ಟಾಗಿದ್ದವು; ಒಂದು ತಪ್ಪೂ ಸಿಗಲಿಲ್ಲ. ಉಳಿದದ್ದು ಗಾಳಿಯ ಅಂಕಿ; ಸೋಮವಾರದ ಆ ಅಂಕಿಯಿಂದಲೇ ಪ್ರೋಗ್ರಾಂ ಶುಕ್ರವಾರದ ಒಣ ತೂಕವನ್ನೂ ದರ್ಜೆಯನ್ನೂ ಮೊದಲೇ ಲೆಕ್ಕ ಹಾಕುತ್ತಿತ್ತು. ಅದನ್ನು ಕಲಿಯಬೇಕಾದರೆ ಮೀನು ಮುಟ್ಟಬೇಕು. ಒರಾಸಿಯು ಅಂಗಳದಲ್ಲಿ ನಿಂತು ಹೆಬ್ಬೆರಳು ತೋರಿಸಿ ಕರೆದರು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ.

ಊಟದ ಹೊತ್ತಿಗೆ ಮನೆಗೆ ಫೋನು ಮಾಡಿದೆ. ಅಲ್ಲಿ ಸಂಜೆ. ಮನೆಯವರು ಎತ್ತಿಕೊಂಡರು. ಹೇಳಿದೆ. ಅವರು ಫೋನನ್ನು ಅತ್ತೆಗೆ ಕೊಟ್ಟರು. ನಮ್ಮ ಅತ್ತೆ ಸಾಸ್ವೆಹಳ್ಳಿ ಕಡೆಯವರು, ಪೂಜೆ ಆಗದೆ ಕಾಫಿ ಮುಟ್ಟದವರು.

"ಏನವ್ವ, ಅವ್ರು ತಿನ್ನು ಅಂದ್ರೇನು?"

"ಇಲ್ಲ ಅತ್ತಿ. ಮುಟ್ಟಿ ನೋಡು ಅಂತಾರೆ."

"ಯಾತಕ್ಕೆ?"

"ಒಣಗೈತೋ ಇಲ್ವೋ ಅಂತ."

ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. ಹಿಂದೆ ಬಸ್ಸಿನ ಹಾರ್ನು ಕೇಳಿಸಿತು.

"ನೋಡು, ನಾನಾದ್ರೆ ಮುಟ್ತಿರ್ಲಿಲ್ಲ. ಆದ್ರೆ ಅಷ್ಟು ದೂರ ಹೋಗಿ ಕೈ ಕಟ್ಕೊಂಡು ನಿಂತ್ರೆ ಅವ್ರಿಗೂ ಬೇಜಾರು, ನಿನಗೂ ಕೆಲ್ಸ ಬರಲ್ಲ. ಲಿಂಗಪ್ಪ ನಿನ್ನ ಕೈ ನೋಡಲ್ಲ, ಮನಸು ನೋಡ್ತಾನೆ. ಮುಟ್ಟಿ ಕೈ ತೊಳ್ಕೊ. ಇಲ್ಲಿ ಯಾರಿಗೂ ಹೇಳಾಕೆ ಹೋಗ್ಬ್ಯಾಡ."

ಕೊನೆಯ ಮಾತನ್ನು ನಾನು ಈಗ ಮೀರುತ್ತಿದ್ದೇನೆ. ಅತ್ತೆಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅಂಗಳಕ್ಕೆ ಹೋದೆ. ಒರಾಸಿಯು ನನ್ನ ಹೆಬ್ಬೆರಳನ್ನು ಹಿಡಿದು ಒಂದು ಮೀನಿನ ಬೆನ್ನಿನ ಮೇಲೆ ಇಟ್ಟರು. ತಣ್ಣಗೆ, ಒರಟಾಗಿ, ಮೇಲೆ ಉಪ್ಪಿನ ಹರಳು. ಒತ್ತಿದೆ. ಬೆರಳು ಅರ್ಧ ಅಕ್ಕಿಕಾಳಿನಷ್ಟು ಒಳಗೆ ಹೋಯಿತು. ಪಕ್ಕದ್ದು ಅಷ್ಟೂ ಹೋಗಲಿಲ್ಲ. ಅಷ್ಟೇ. ಅದರಲ್ಲಿ ಹೇಸಿಗೆಯಿರಲಿಲ್ಲ. ಕೈ ತೊಳೆಯಲು ನಲ್ಲಿಯ ಬಳಿ ಹೋದಾಗ ಅವರು ಒಂದು ಬಿಲ್ಲೆ ಮುಂದೆ ಹಿಡಿದು "ಸಬಾಂವ್" ಎಂದರು. ಸಾಬೂನು. ನಾನು ಅದನ್ನೇ ನಮ್ಮ ರೀತಿಯಲ್ಲಿ ಹೇಳಿದೆ. ಅವರು ನಿಂತರು. ಬೀಗದ ಕೈಗಳ ಗೊಂಚಲು ತೆಗೆದು "ಶಾವ್?" ಎಂದರು. "ಚಾವಿ," ಎಂದೆ. ಅವರು ಮೊದಲ ಸಲ ನಕ್ಕರು. ಹಳೆಯ ಹಡಗುಗಳಲ್ಲಿ ಬಂದ ಈ ಮಾತುಗಳು ಇಷ್ಟು ಶತಮಾನ ನಮ್ಮ ಮನೆಗಳಲ್ಲಿ ಇದ್ದು, ಈಗ ಆ ನಲ್ಲಿಯ ಕೆಳಗೆ ನಮ್ಮಿಬ್ಬರ ಕೈಗೆ ಬಂದಿದ್ದವು.

ಎರಡನೆಯ ವಾರ

ರುಯ್ ಲಿಸ್ಬನ್ನಿಗೆ ಹೋದ. ನಾನು, ಒರಾಸಿಯು ಇಬ್ಬರೇ ಉಳಿದೆವು. ಬೆಳಿಗ್ಗೆ ಅಂಗಳ ಸುತ್ತುತ್ತಿದ್ದೆವು. ಅವರು ಪೋರ್ಚುಗೀಸಿನಲ್ಲಿ, ನಾನು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಫೋನಿನ ಆ್ಯಪನ್ನು ನಾನು ತೆರೆಯುವುದನ್ನೇ ಬಿಟ್ಟೆ. ಅವರು ಮುಖ ಮೇಲೆತ್ತಿ ಗಾಳಿಯ ದಿಕ್ಕು ನೋಡುವರು. ಉತ್ತರದಿಂದ ಬಂದರೆ ಒಣಗಾಳಿ, ಸಮುದ್ರದ ಕಡೆಯಿಂದಾದರೆ ತೇವ. ತೇವವಾದಾಗ ಅಂಗೈಯನ್ನು ಎದೆಗೆ ಒತ್ತಿ ಕೆಮ್ಮಿ ತೋರಿಸುವರು, ಮೀನಿಗೂ ನೆಗಡಿ ಎಂಬಂತೆ.

ಆ ಬೆಳಗುಗಳು ನನಗೆ ಈಗಲೂ ಬಿಡಿಬಿಡಿಯಾಗಿ ನೆನಪಾಗುತ್ತವೆ. ಹಿನ್ನೀರಿನಲ್ಲಿ ಒಂದು ದೋಣಿ ಅಲುಗದೆ ನಿಂತಿರುತ್ತಿತ್ತು. ಕೊಕ್ಕರೆಯೊಂದು ಮಂಜಿನಿಂದ ಹೊರಗೆ ಬಂದು, ಏನೋ ಮರೆತವಳಂತೆ ಮತ್ತೆ ಒಳಗೆ ಹೋಗುತ್ತಿತ್ತು. ಹೊಳೆಯ ದಂಡೆಯ ಊರಿನ ಸೊಸೆಯಾಗಿ ಇಷ್ಟು ವರ್ಷ ಇದ್ದವಳು ನಾನು, ನೀರಿನ ಮುಂದೆ ಕೆಲಸವಿಲ್ಲದೆ ನಿಂತದ್ದು ಅಲ್ಲೇ ಮೊದಲು.

ಆ ಸೋಮವಾರ ಅವರು ನನ್ನತ್ತ ನೋಡಿ ಗಲ್ಲ ಎತ್ತಿದರು, ನಿನ್ನ ಅಂಕಿ ಎಷ್ಟು ಎಂದು. ನಾನು ಆರು ಬೆರಳು ತೋರಿಸಿದೆ. ಅವರು ಅಲ್ಲವೆಂದು ತಲೆಯಾಡಿಸಿ ನಾಲ್ಕು ಎಂದು ಒತ್ತಿದರು. ಶುಕ್ರವಾರ ತಕ್ಕಡಿಯಲ್ಲಿ ತೂಗಿದಾಗ ಆರೇ ಸರಿಯಿತ್ತು. ಹೊಸಬಳ ಅದೃಷ್ಟ ಎಂದುಕೊಂಡೆ.

ಆದರೂ ಕುತೂಹಲದಿಂದ ಹಳೆಯ ದಾಖಲೆ ತೆಗೆದೆ. ಮೂವತ್ತು ವರ್ಷದ ಸೋಮವಾರದ ಅಂಕಿಗಳೂ ಶುಕ್ರವಾರದ ತೂಕಗಳೂ ಅದರಲ್ಲಿದ್ದವು. ಇಪ್ಪತ್ತೊಂಬತ್ತು ವರ್ಷ ಅವು ಅವಳಿ ಮಕ್ಕಳಂತೆ ಜೊತೆಯಲ್ಲೇ ನಡೆದಿದ್ದವು. ಕಳೆದ ವರ್ಷದಿಂದ ಅಂಕಿ ಹಿಂದೆ ಬೀಳತೊಡಗಿತ್ತು, ಮೊದಲು ಒಂದು, ಆಮೇಲೆ ಎರಡು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ.

ತಲೆ ಎತ್ತಿದೆ. ಒರಾಸಿಯು ಬಾಗಿಲ ಬಳಿ ಬಿದ್ದ ಬೀಗದ ಕೈ ಹೆಕ್ಕುತ್ತಿದ್ದರು. ಕೈಗೆ ಸಿಕ್ಕಿತೆಂದು ಎದ್ದರು, ಸಿಕ್ಕಿರಲಿಲ್ಲ. ಮತ್ತೆ ಬಗ್ಗಿದರು. ಮೂರನೆಯ ಸಲ ಬೆರಳುಗಳನ್ನು ಕಣ್ಣಿನಿಂದಲೇ ನೋಡುತ್ತ ಅದರ ಸುತ್ತ ಮಡಿಸಿದರು. ನನ್ನ ತವರಿನಲ್ಲಿ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಹೀಗೇ ಆಗಿತ್ತು. ಬೆರಳ ತುದಿಯ ಸ್ಪರ್ಶ ಸತ್ತುಹೋಗಿತ್ತು. ಇವರಿಗೆ ಏನಾಗಿತ್ತೋ ಗೊತ್ತಿಲ್ಲ. ಆದರೆ ಒಂದು ವರ್ಷದಿಂದ ಈ ಮನುಷ್ಯ ಮೀನನ್ನು ಮುಟ್ಟುತ್ತಿದ್ದರು, ಮೀನು ಅವರಿಗೆ ಏನೂ ಹೇಳುತ್ತಿರಲಿಲ್ಲ.

ನಾನು ತೆರೆ ಆರಿಸಿದೆ. ಅವರು ನನ್ನನ್ನು ನೋಡಿದರು. ನಾನು ಕಂಡುಕೊಂಡದ್ದು ಅವರಿಗೆ ತಿಳಿಯಿತು ಎಂದು ನನಗನಿಸಿತು.

ಮೂರನೆಯ ಶುಕ್ರವಾರ

ದೋನಾ ಅಮೆಲಿಯಾ ನಮ್ಮನ್ನು ಆಫೀಸಿನ ಕೋಣೆಗೆ ಕರೆದರು. ರುಯ್ ಹಿಂದಿರುಗಿದ್ದ. ಒರಾಸಿಯು ಕಿಟಕಿಯ ಪಕ್ಕ ಕೂತಿದ್ದರು.

"ತಪ್ಪು ಸಿಕ್ಕಿತೇ ಎಂದು ಅಮ್ಮ ಕೇಳುತ್ತಿದ್ದಾರೆ," ಎಂದ ರುಯ್.

ಸಿಕ್ಕಿದೆ ಎಂದರೆ ಕೆಲಸ ನನ್ನದು. ಅದಕ್ಕಾಗಿಯೇ ಬಂದವಳು ನಾನು. ಒಂದೂವರೆ ವರ್ಷ ಉತ್ತರ ಬಾರದ ಅರ್ಜಿಗಳು, ಸೂಟ್‌ಕೇಸು ತಂದು ಸುಮ್ಮನೆ ಕೆಳಗಿಟ್ಟ ಮನೆಯವರು, ಎಲ್ಲ ಕಣ್ಣ ಮುಂದೆ ಬಂತು. ಆದರೆ ಹದಿನೇಳು ವರ್ಷದ ಕೆಲಸ ಒಂದು ಬೆಳಿಗ್ಗೆ ಕೈಬಿಟ್ಟರೆ ಹೇಗಿರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಇವರದು ಮೂವತ್ತು ವರ್ಷ.

"ಪ್ರೋಗ್ರಾಂ ಸರಿಯಿದೆ. ಅದರಲ್ಲಿ ನಾನು ತಿದ್ದುವಂಥದ್ದು ಏನೂ ಇಲ್ಲ. ಬಹಳ ಚೆನ್ನಾಗಿ ಬರೆದಿದ್ದಾರೆ," ಎಂದೆ.

"ಹಾಗಾದರೆ ದರ್ಜೆ ಯಾಕೆ ತಪ್ಪುತ್ತಿದೆ?"

"ಅದು ನಾನು ಹೇಳುವ ಮಾತಲ್ಲ ರುಯ್."

ಅವನು ಅದನ್ನು ತಾಯಿಗೆ ಹೇಳಿದ. ದೋನಾ ಅಮೆಲಿಯಾ ನಿರಾಸೆಯಿಂದ ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಗೂಡಿಸತೊಡಗಿದರು. ಮುಗಿಯಿತು ಎಂದುಕೊಂಡೆ. ವಿಚಿತ್ರವೆಂದರೆ, ಆವೆರೊಗಿಂತ ಮೊದಲೇ ಇಳಿದಿದ್ದ ನಿಲ್ದಾಣದ ಆ ಸಮಾಧಾನವೇ ಮತ್ತೆ ಮೈಯನ್ನು ಆವರಿಸಿತ್ತು.

ಒರಾಸಿಯು ಎದ್ದು ಬಂದು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟರು. ಮೆಲ್ಲಗೆ, ಬಹಳ ಹೊತ್ತು ಮಾತಾಡಿದರು. ನನಗೆ ತಿಳಿದದ್ದು ಒಂದೇ ಪದ, 'ದೆದುಶ್', ಬೆರಳುಗಳು. ರುಯ್ ಅನುವಾದಿಸಲಿಲ್ಲ, ಅನುವಾದಿಸುವುದನ್ನು ಮರೆತಿದ್ದ. ದೋನಾ ಅಮೆಲಿಯಾ ಆ ಕೈಯನ್ನು ತಮ್ಮ ಎರಡು ಕೈಗಳ ನಡುವೆ ತೆಗೆದುಕೊಂಡು, ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಕೇಳಿದರು. ಅವರು ಇಲ್ಲವೆಂದು ತಲೆಯಾಡಿಸಿದರು. ಮತ್ತೆ ಒತ್ತಿದರು. ಇಲ್ಲ. ಆಕೆ ಬೈದರು. ಕಣ್ಣೊರೆಸಿಕೊಂಡು ಮತ್ತೆ ಬೈದರು. ಹೇಳದೆ ಇಟ್ಟುಕೊಂಡದ್ದಕ್ಕೆ ಬೈಯುವುದು ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ.

ಒರಾಸಿಯು ನನ್ನತ್ತ ಕೈ ತೋರಿಸಿ ಇನ್ನೊಂದು ಮಾತು ಸೇರಿಸಿದರು. ಈ ಸಲ ರುಯ್ ಹೇಳಿದ.

"ಇವರಿಗೆ ಎರಡು ವಾರದ ಹಿಂದೆಯೇ ಹೆಬ್ಬೆರಳಿನ ಹದ ಬಂತು, ನನ್ನ ಜಾಗದಲ್ಲಿ ಇವರೇ ಇರಲಿ ಎನ್ನುತ್ತಿದ್ದಾರೆ."

ದೋನಾ ಅಮೆಲಿಯಾ ಒಪ್ಪಿದರು. ಅಕ್ಟೋಬರಿನಿಂದ ನನಗೆ ಆರು ತಿಂಗಳ ಕಾಂಟ್ರಾಕ್ಟ್. ಉಳಿದ ಆರು ತಿಂಗಳು ಹೊನ್ನಾಳಿಯಿಂದಲೇ ಪ್ರೋಗ್ರಾಂ ನೋಡಿಕೊಳ್ಳುವುದು. ನಾನು ಹಾಕಿದ ಷರತ್ತು ಒಂದೇ: ಸೆನ್ಯೋರ್ ಒರಾಸಿಯು ಸೋಮವಾರಗಳಲ್ಲಿ ಬರಬೇಕು, ಗಾಳಿಯ ದಿಕ್ಕು ಹೇಳಬೇಕು. ಅದು ನನಗೆ ಇನ್ನೂ ಬರುವುದಿಲ್ಲ. ಅದು ಸೌಜನ್ಯದ ಮಾತಾಗಿರಲಿಲ್ಲ, ನಿಜವೇ ಆಗಿತ್ತು.

ಮನೆಯವರಿಗೆ ಫೋನಿನಲ್ಲಿ ತಿಳಿಸಿದೆ.

"ಆರು ತಿಂಗಳು," ಎಂದರು. ಆಮೇಲೆ, "ಚಳಿಗಾಲ ಐತಲ್ಲ ಅದು. ಸ್ವೆಟರ್ ಸಾಕಾಗ್ತಾವಾ?" ಎಂದರು.

ಕೊನೆಯ ಸೋಮವಾರ

ಮರುದಿನ ಹೊರಡುವುದಿತ್ತು. ಬೆಳಿಗ್ಗೆ ಮಂಜಿರಲಿಲ್ಲ. ಮೂರು ವಾರದಲ್ಲಿ ಮೊದಲ ಬಾರಿಗೆ ಹಿನ್ನೀರಿನ ಆಚೆಯ ದಡ ಕಂಡಿತು. ಅಲ್ಲಿ ಕೆಂಪು ನೀಲಿ ಪಟ್ಟೆಯ ಮರದ ಮನೆಗಳು ಸಾಲಾಗಿದ್ದವು. ಇಷ್ಟು ದಿನ ಅವು ಅಲ್ಲಿಯೇ ಇದ್ದವು.

ಒರಾಸಿಯು ಗಾಳಿಗೆ ಮುಖ ಹಿಡಿದು ಉತ್ತರಕ್ಕೆ ಕೈ ತೋರಿಸಿದರು. ನಾನು ಒಬ್ಬಳೇ ಮಂಚಗಳ ನಡುವೆ ಹೋದೆ. ಅವಸರ ಮಾಡಲಿಲ್ಲ. ಒಂದೊಂದನ್ನೂ ಒತ್ತಿದೆ, ಕೆಲವನ್ನು ಎರಡು ಸಲ. ಒಳಗೆ ಬಂದು ಕುರ್ಚಿಯಲ್ಲಿ ಕೂತಾಗ ಹಸಿರು ಅಕ್ಷರಗಳು ತಮ್ಮ ಪ್ರಶ್ನೆ ಕೇಳಿ ಕಾದಿದ್ದವು. ಒರಾಸಿಯು ನನ್ನ ಹಿಂದೆ ನಿಲ್ಲಲಿಲ್ಲ. ಕಿಟಕಿಯ ಬಳಿ ಹೋಗಿ, ತೆರೆಗೆ ಬೆನ್ನು ಹಾಕಿ, ನೀರಿನ ಕಡೆ ನೋಡುತ್ತ ನಿಂತರು.

ಅಂಕಿ ಒತ್ತಿದೆ. ಪ್ರೋಗ್ರಾಂ ಮುಂದಕ್ಕೆ ಹೋಯಿತು. ಅವರು ಎಷ್ಟು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.